ಊಟದ ಕಾಯಿಲೆ ಹುಡುಗರಿಗೂ ಬರುತ್ತದೆ: ಶಾಲೆ ಏನು ಮಾಡಬಹುದು?

ಈಗ ತಾಲೂಕು ಕೇಂದ್ರಗಳಲ್ಲೂ ಜಿಮ್‌ಗಳಿವೆ. ಮೆಡಿಕಲ್ ಶಾಪುಗಳಲ್ಲಿ ಪ್ರೋಟೀನ್ ಪೌಡರಿನ ದೊಡ್ಡ ಡಬ್ಬಗಳು ಸಾಲಾಗಿ ನಿಂತಿರುತ್ತವೆ. ಹೈಸ್ಕೂಲ್ ಹುಡುಗರ ಬಾಯಲ್ಲಿ 'ಬಲ್ಕ್' (ಮೈ ಉಬ್ಬಿಸುವುದು), 'ಕಟ್' (ಕೊಬ್ಬು ಇಳಿಸುವುದು), 'ಸಿಕ್ಸ್ ಪ್ಯಾಕ್' ಎಂಬ ಮಾತುಗಳು ಸಲೀಸಾಗಿ ಬರುತ್ತವೆ. ಇದರಲ್ಲಿ ಬಹುಪಾಲು ವಯಸ್ಸಿನ ಉತ್ಸಾಹ. ಅದರಲ್ಲಿ ತಪ್ಪೇನಿಲ್ಲ. ಆದರೆ ಕೆಲವು ಹುಡುಗರಲ್ಲಿ ಅದು ಉತ್ಸಾಹವಾಗಿ ಉಳಿಯುವುದಿಲ್ಲ. ಊಟ ಕಂಡರೆ ಭಯ ಶುರುವಾಗುತ್ತದೆ. ಕನ್ನಡಿ ಬಿಟ್ಟು ಬರಲಾಗುವುದಿಲ್ಲ. ಮೂರು ತಿಂಗಳಲ್ಲಿ ಮೈ ಇಳಿದುಹೋಗುತ್ತದೆ. ನೋಡಿದವರೆಲ್ಲ "ಏನೋ, ಫಿಟ್ ಆಗಿಬಿಟ್ಟಿದ್ದೀಯ!" ಎಂದು ಬೆನ್ನು ತಟ್ಟುತ್ತಾರೆ.

ತೊಂದರೆ ಇರುವುದೇ ಇಲ್ಲಿ. ಹುಡುಗರಲ್ಲಿ ಈ ಕಾಯಿಲೆ ಬಂದಾಗ ಮೊದಲ ದಿನಗಳಲ್ಲಿ ಅದು ಶಿಸ್ತಿನ ಹಾಗೆ ಕಾಣುತ್ತದೆ. ಶಿಸ್ತನ್ನು ಯಾರು ಬೈಯುತ್ತಾರೆ ಹೇಳಿ?

## ಈಟಿಂಗ್ ಡಿಸಾರ್ಡರ್ ಅಂದರೇನು?

ಊಟ, ತೂಕ, ಮೈಕಟ್ಟು ಇವುಗಳ ಚಿಂತೆಯೇ ತಲೆಯನ್ನು ತುಂಬಿಕೊಂಡು, ಅದರಿಂದ ಆರೋಗ್ಯಕ್ಕೆ, ಓದಿಗೆ, ಗೆಳೆತನಕ್ಕೆ ಪೆಟ್ಟು ಬೀಳತೊಡಗಿದಾಗ ಡಾಕ್ಟರುಗಳು ಅದನ್ನು ಈಟಿಂಗ್ ಡಿಸಾರ್ಡರ್ ಎನ್ನುತ್ತಾರೆ. ಇದು ಮನಸ್ಸಿನ ಕಾಯಿಲೆ, ಆದರೆ ಮೈಯನ್ನೂ ಹಾಳು ಮಾಡುತ್ತದೆ. ಹಟವಲ್ಲ, ಸೊಕ್ಕಲ್ಲ, ಸುಮ್ನೆ ನಾಟಕವೂ ಅಲ್ಲ.

ಇದರಲ್ಲಿ ಕೆಲವು ಬಗೆಗಳಿವೆ. ದಪ್ಪಗಾಗುವ ಭಯದಿಂದ ಊಟವನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ಅನೊರೆಕ್ಸಿಯಾ. ಒಮ್ಮೆಲೇ ಹಿಡಿತ ತಪ್ಪಿ ಸಿಕ್ಕಾಪಟ್ಟೆ ತಿನ್ನುವುದು, ಆಮೇಲೆ ಹೆದರಿ ಅದನ್ನು ಹೊರಹಾಕಲು ಅಥವಾ ಕರಗಿಸಲು ಒದ್ದಾಡುವುದು ಬುಲಿಮಿಯಾ. ಹಾಗೆ ಹೊರಹಾಕದೆ, ಹಿಡಿತ ತಪ್ಪಿ ತಿನ್ನುವುದೇ ಮತ್ತೆ ಮತ್ತೆ ಆಗುತ್ತಾ, ಪ್ರತಿಸಲವೂ ನಾಚಿಕೆಯಲ್ಲಿ ಕುಗ್ಗುವುದು ಬಿಂಜ್ ಈಟಿಂಗ್. ಇನ್ನೊಂದಕ್ಕೆ ಆರ್ಫಿಡ್ ಎಂಬ ಹೆಸರಿದೆ. ಇಲ್ಲಿ ತೂಕದ ಚಿಂತೆಯೇ ಇರುವುದಿಲ್ಲ. ಆಹಾರದ ವಾಸನೆ, ಮೆತ್ತಗಿನ ಸ್ಪರ್ಶ ಆಗದೆ, ಅಥವಾ ಹಿಂದೊಮ್ಮೆ ಗಂಟಲಲ್ಲಿ ಸಿಕ್ಕಿಕೊಂಡ ಭಯದಿಂದ ಮಗು ನಾಲ್ಕೈದು ಪದಾರ್ಥ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಉಳಿದ ಬಗೆಗಳಿಗೆ ಹೋಲಿಸಿದರೆ ಇದರಲ್ಲಿ ಹುಡುಗರ ಪಾಲು ಜಾಸ್ತಿ.

ಹಾಗಾದರೆ ನಮ್ಮ ಉಪವಾಸ, ವ್ರತ? ಶನಿವಾರ ಒಪ್ಪೊತ್ತು ಮಾಡುವ ಹುಡುಗನಿಗೆ, ಮಾಲೆ ಹಾಕಿದವನಿಗೆ, ರೋಜಾ ಹಿಡಿದವನಿಗೆ ಕಾಯಿಲೆ ಇದೆಯೇ? ಇಲ್ಲ. ಉಪವಾಸಕ್ಕೆ ಒಂದು ಕೊನೆ ಇರುತ್ತದೆ. ಹೊತ್ತಾದಾಗ ಎಲ್ಲರ ಜೊತೆ ಕೂತು ಖುಷಿಯಿಂದ ತಿನ್ನುತ್ತಾರೆ. ಕಾಯಿಲೆಯಲ್ಲಿ ಆ ಹೊತ್ತು ಬರುವುದೇ ಇಲ್ಲ. ಮುಂದೂಡಲು ಒಂದಲ್ಲ ಒಂದು ನೆಪ ಸಿಗುತ್ತಲೇ ಇರುತ್ತದೆ. ಕೆಲವೊಮ್ಮೆ ವ್ರತವೇ ಆ ನೆಪವಾಗುತ್ತದೆ. ವ್ರತ ಮುಗಿದ ಮೇಲೂ ಊಟ ವಾಪಸ್ ಬರದಿದ್ದರೆ ಗಮನಿಸಬೇಕು.

## ಹುಡುಗರದ್ದು ಯಾಕೆ ಕಣ್ಣಿಗೆ ಬೀಳಲಿಲ್ಲ?

ಇದು ಹೆಣ್ಣುಮಕ್ಕಳ ಕಾಯಿಲೆ ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ ಕಾಯಿಲೆಯ ಚರಿತ್ರೆ ಬೇರೆಯೇ ಹೇಳುತ್ತದೆ. 1689ರಲ್ಲಿ ರಿಚರ್ಡ್ ಮಾರ್ಟನ್ ಎಂಬ ಇಂಗ್ಲಿಷ್ ವೈದ್ಯರು, ಬೇರೆ ರೋಗವಿಲ್ಲದೆ ಊಟ ಬಿಟ್ಟು ಸೊರಗಿದ ಇಬ್ಬರ ಬಗ್ಗೆ ಬರೆದರು. ಅನೊರೆಕ್ಸಿಯಾ ಬಗ್ಗೆ ಸಿಗುವ ತೀರಾ ಹಳೆಯ ವೈದ್ಯಕೀಯ ವಿವರಣೆಗಳಲ್ಲಿ ಇದೂ ಒಂದು. ಆ ಇಬ್ಬರಲ್ಲಿ ಒಬ್ಬ ಹದಿನಾರು ವರ್ಷದ ಹುಡುಗ!

ಆಮೇಲೆ ಹುಡುಗರು ಪುಸ್ತಕದಿಂದಲೇ ಮರೆಯಾದರು. ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿಯಲ್ಲಿ 2013ರವರೆಗೂ ಅನೊರೆಕ್ಸಿಯಾ ಗುರುತಿಸುವ ಲಕ್ಷಣಗಳಲ್ಲಿ 'ಮುಟ್ಟು ನಿಲ್ಲುವುದು' ಒಂದಾಗಿತ್ತು. ಹುಡುಗರಿಗೆ ಆ ಲಕ್ಷಣ ಬರುವುದು ಹೇಗೆ? 2013ರ ಐದನೇ ಆವೃತ್ತಿಯಲ್ಲಿ ಅದನ್ನು ತೆಗೆದರು. ಅಮೆರಿಕದಲ್ಲಿ ದೊಡ್ಡವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಜೀವನದಲ್ಲಿ ಒಮ್ಮೆಯಾದರೂ ಅನೊರೆಕ್ಸಿಯಾ ಬಂದಿದ್ದವರು ಹೆಂಗಸರಲ್ಲಿ 0.9%, ಗಂಡಸರಲ್ಲಿ 0.3%. ಬುಲಿಮಿಯಾ 1.5% ಮತ್ತು 0.5%. ಬಿಂಜ್ ಈಟಿಂಗ್ 3.5% ಮತ್ತು 2%. ಅಂದರೆ ಮೊದಲೆರಡರಲ್ಲಿ ನಾಲ್ವರಿಗೆ ಒಬ್ಬ ಗಂಡಸು. ಮೂರನೆಯದರಲ್ಲಿ ಇನ್ನೂ ಹೆಚ್ಚು.

ನಮ್ಮಲ್ಲಿ ಇನ್ನೊಂದು ಮರೆ ಇದೆ. "ದಪ್ಪ ಆಗ್ತೀನಿ ಅಂತ ಭಯ" ಎಂದು ಎಲ್ಲರೂ ಬಾಯಿಬಿಟ್ಟು ಹೇಳುವುದಿಲ್ಲ. ಭಾರತದಲ್ಲೂ ಹಾಂಗ್‌ಕಾಂಗ್‌ನಲ್ಲೂ ವೈದ್ಯರು ಇದನ್ನು ದಾಖಲಿಸಿದ್ದಾರೆ. ರೋಗಿಗಳು ಹೇಳುವುದು ಹೊಟ್ಟೆಯುಬ್ಬರ, ಹಸಿವಿಲ್ಲ, ತಿಂದರೆ ಆಗಲ್ಲ ಎಂಬ ಮಾತು. ನಮ್ಮ ಮನೆಗಳಲ್ಲಿ ಅದು "ಗ್ಯಾಸ್ಟ್ರಿಕ್" ಆಗುತ್ತದೆ. ಹುಡುಗ ತಿಂಗಳುಗಟ್ಟಲೆ ಗ್ಯಾಸಿನ ಮಾತ್ರೆ ನುಂಗುತ್ತಾನೆ, ಮೂಲ ಕಾರಣ ಹಾಗೇ ಉಳಿಯುತ್ತದೆ.

## ಸಣ್ಣಗಾಗುವ ಆಸೆಯಲ್ಲ, ಕಟ್ಟುಮಸ್ತಾಗುವ ಆಸೆ

ಎಷ್ಟೋ ಹುಡುಗರಿಗೆ ಬರೀ ತೆಳ್ಳಗಾದರೆ ಸಾಲದು. ಕೊಬ್ಬು ಇರಬಾರದು, ಆದರೆ ತೋಳು, ಎದೆ ಉಬ್ಬಿರಬೇಕು. 1990ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಅವರ ಜೊತೆಗಾರರು ದೇಹದಾರ್ಢ್ಯ ಪಟುಗಳನ್ನು ಮಾತಾಡಿಸುವಾಗ ವಿಚಿತ್ರ ಸಂಗತಿ ಕಂಡರು. ಕಲ್ಲಿನಂಥ ಮೈಯಿದ್ದ ಕೆಲವರು ತಾವು ಸಣಕಲು ಎಂದೇ ನಂಬಿದ್ದರು. ಮೈ ಕಾಣಬಾರದೆಂದು ದೊಗಲೆ ಬಟ್ಟೆ ಹಾಕುತ್ತಿದ್ದರು. ಮೊದಲು ಇದನ್ನು ತಿರುಗುಮುರುಗು ಅನೊರೆಕ್ಸಿಯಾ ಎಂಬ ಅರ್ಥದಲ್ಲಿ ಕರೆದರು. 1997ರಲ್ಲಿ ಮಸಲ್ ಡಿಸ್ಮಾರ್ಫಿಯಾ ಎಂಬ ಹೆಸರು ಬಂತು. ವೈದ್ಯರ ಪಟ್ಟಿಯಲ್ಲಿ ಇದು ಈಟಿಂಗ್ ಡಿಸಾರ್ಡರ್ ಗುಂಪಿನಲ್ಲಿಲ್ಲ, ಗೀಳು ಕಾಯಿಲೆಗಳ ಗುಂಪಿನಲ್ಲಿದೆ. ಆದರೆ ಊಟದ ತೊಂದರೆ ಜೊತೆಯಲ್ಲೇ ಬರುವುದು ಸಾಮಾನ್ಯ.

ಜಿಮ್‌ಗೆ ಹೋಗುವುದು ಕಾಯಿಲೆಯಲ್ಲ. ಪ್ರೋಟೀನ್ ಪೌಡರ್ ಕುಡಿದ ಮಾತ್ರಕ್ಕೆ ಕಾಯಿಲೆಯಲ್ಲ. ಒಂದು ದಿನ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನೋಡಬೇಕು. ಅಕ್ಕನ ಮದುವೆಗೆ ಹೋಗಿ ಒಂದು ಹೋಳಿಗೆ ತಿಂದದ್ದಕ್ಕೆ ರಾತ್ರಿಯೆಲ್ಲ ನಿದ್ದೆಗೆಟ್ಟು, ಕಾಲು ಉಳುಕಿದ್ದರೂ ಬೆಳಿಗ್ಗೆ ಓಡಲೇಬೇಕು ಎಂದು ಹೊರಟರೆ ಅದು ವ್ಯಾಯಾಮ ಅಲ್ಲ.

ಸ್ಟೆರಾಯ್ಡ್ ವಿಷಯ ಮಾತ್ರ ಬೇರೆ. ಮೈ ಉಬ್ಬಿಸಲೆಂದು ಕೊಡುವ ಈ ಹಾರ್ಮೋನುಗಳು ಬೆಳೆಯುವ ವಯಸ್ಸಿನಲ್ಲಿ ಎಲುಬಿನ ತುದಿಗಳು ಬೇಗ ಮುಚ್ಚಿಹೋಗುವಂತೆ ಮಾಡುತ್ತವೆ. ಎತ್ತರ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಹುಡುಗರಿಗೆ ನೇರವಾಗಿಯೇ ಹೇಳಬೇಕು.

## ಊಟ ತಪ್ಪಿದಾಗ ಒಳಗೆ ಏನಾಗುತ್ತದೆ?

ಕರೆಂಟ್ ಹೋದಾಗ ಯುಪಿಎಸ್ ಮೇಲೆ ಮನೆ ನಡೆಯುವುದನ್ನು ನೋಡಿದ್ದೀರಲ್ವಾ? ಎರಡು ಲೈಟು, ಒಂದು ಫ್ಯಾನು. ಫ್ರಿಜ್, ಗೀಸರ್ ಬಂದ್. ಆಹಾರ ಸಾಲದಾದಾಗ ದೇಹವೂ ಹೀಗೇ ಮಾಡುತ್ತದೆ. ಮೊದಲು ಬೆಳವಣಿಗೆ ನಿಲ್ಲಿಸುತ್ತದೆ. ಹಾರ್ಮೋನು ಇಳಿಸುತ್ತದೆ. ಮೈ ತಣ್ಣಗಾಗುತ್ತದೆ. ಕೊನೆಗೆ ಹೃದಯದ ಬಡಿತವನ್ನೂ ನಿಧಾನ ಮಾಡುತ್ತದೆ.

ಹುಡುಗರಿಗೆ ಇದು ಕೆಟ್ಟ ಹೊತ್ತಿನಲ್ಲಿ ಬರುತ್ತದೆ. ಎತ್ತರ ಸರ್ರನೆ ಏರುವುದು, ಎಲುಬು ಗಟ್ಟಿಯಾಗುವುದು, ದನಿ ಒಡೆಯುವುದು ಎಲ್ಲ ಇದೇ ವರ್ಷಗಳಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಲೆಕ್ಕದಂತೆ 16ರಿಂದ 18 ವರ್ಷದ ಹುಡುಗನಿಗೆ ದಿನಕ್ಕೆ ಸುಮಾರು 3,300 ಕ್ಯಾಲೊರಿ ಬೇಕು. ಕೂತು ಕೆಲಸ ಮಾಡುವ ಅವನ ಅಪ್ಪನಿಗೆ ಬೇಕಾದದ್ದು ಸುಮಾರು 2,100. ಮಗ ಅಪ್ಪನಿಗಿಂತ ಹೆಚ್ಚು ಮುದ್ದೆ ಉಂಡರೆ ಅದು ಹೊಟ್ಟೆಬಾಕತನವಲ್ಲ, ಆ ವಯಸ್ಸಿನ ಲೆಕ್ಕವೇ ಹಾಗೆ. ಹುಡುಗರ ಮೈಯಲ್ಲಿ ಕೊಬ್ಬಿನ ದಾಸ್ತಾನು ಹುಡುಗಿಯರಿಗಿಂತ ಕಡಿಮೆ. ಅದಕ್ಕೇ ತೂಕ ಇಳಿಯತೊಡಗಿದರೆ ಸ್ನಾಯುವಿಗೆ ಪೆಟ್ಟು ಬೇಗ ಬೀಳುತ್ತದೆ.

ಮನಸ್ಸಿಗೆ ಆಗುವುದನ್ನು ತೋರಿಸಿಕೊಟ್ಟದ್ದು ಒಂದು ಹಳೆಯ ಪ್ರಯೋಗ. ಎರಡನೇ ಮಹಾಯುದ್ಧದ ಕೊನೆಯಲ್ಲಿ, ಬರಗಾಲದಿಂದ ಬಳಲಿದವರಿಗೆ ಮತ್ತೆ ಹೇಗೆ ಉಣಿಸಬೇಕು ಎಂದು ತಿಳಿಯಲು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಯುವಕರನ್ನು ಆರಿಸಿಕೊಂಡರು. ಎಲ್ಲರೂ ಆರೋಗ್ಯವಂತರು, ತಾವಾಗಿಯೇ ಬಂದವರು. 1945ರಲ್ಲಿ 24 ವಾರ ಅವರಿಗೆ ಅರೆಹೊಟ್ಟೆ ಊಟ. ತೂಕ ಸುಮಾರು ಕಾಲು ಭಾಗ ಇಳಿಯಿತು. ಆಗ ನಡೆದದ್ದು ಯಾರೂ ಎಣಿಸದ್ದು. ಅವರು ಅಡುಗೆ ಪುಸ್ತಕ ಓದತೊಡಗಿದರು. ತಟ್ಟೆ ನೆಕ್ಕಿದರು. ಒಂದೊಂದು ತುತ್ತನ್ನೂ ಬಹಳ ಹೊತ್ತು ಎಳೆದು ತಿಂದರು. ಗೆಳೆಯರಿಂದ ದೂರವಾದರು, ಸಣ್ಣದಕ್ಕೂ ಸಿಡುಕಿದರು, ಮಂಕಾದರು. ಮತ್ತೆ ಊಟ ಸಿಕ್ಕಾಗ ಕೆಲವರಿಗೆ ಎಷ್ಟು ತಿಂದರೂ ತುಂಬಿದ ಹಾಗೆ ಅನಿಸಲಿಲ್ಲ.

ಅವರಿಗೆ ಈಟಿಂಗ್ ಡಿಸಾರ್ಡರ್ ಇರಲಿಲ್ಲ. ಬರೀ ಹಸಿವೇ ಮನಸ್ಸನ್ನು ಹಾಗೆ ತಿರುಗಿಸಿತು. ಕಾಯಿಲೆಯ ಹುಡುಗನಿಗೆ "ಸುಮ್ನೆ ತಿನ್ನೋ, ಅಷ್ಟೇ ತಾನೆ" ಎಂದರೆ ಯಾಕೆ ಕೆಲಸ ಆಗುವುದಿಲ್ಲ ಎಂಬುದು ಇಲ್ಲಿ ಅರ್ಥವಾಗುತ್ತದೆ. ಯೋಚಿಸಬೇಕಾದ ಅವನ ಮಿದುಳೇ ಹಸಿದಿದೆ.

## ಯಾಕೆ ಬರುತ್ತದೆ?

ಒಂದೇ ಕಾರಣ ಇಲ್ಲ. ಅವಳಿ ಮಕ್ಕಳ ಮೇಲಿನ ಅಧ್ಯಯನಗಳು ಹೇಳುವಂತೆ ವಂಶದಿಂದ ಬರುವ ಒಲವಿನ ಪಾಲು ದೊಡ್ಡದೇ ಇದೆ. ಎಲ್ಲ ಅಚ್ಚುಕಟ್ಟಾಗಿರಬೇಕು ಎಂಬ ಸ್ವಭಾವ, ಆತಂಕ, ಮೊದಲು ದಪ್ಪಗಿದ್ದು ಗೇಲಿ ಅನುಭವಿಸಿದ್ದು ಇವೆಲ್ಲ ಸೇರುತ್ತವೆ. ಅನೊರೆಕ್ಸಿಯಾ ಬಂದ ಹುಡುಗರಲ್ಲಿ ಮೊದಲು ದಪ್ಪಗಿದ್ದವರು ಬಹಳ. "ದಡಿಯ", "ಡುಮ್ಮ", "ಕಡ್ಡಿ ಪೈಲ್ವಾನ್" ಎಂಬ ಹೆಸರುಗಳು ಕರೆಯುವವರಿಗೆ ತಮಾಷೆ, ಕೇಳಿಸಿಕೊಂಡವನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಹಾಗೆಂದು ಇದು ಅಪ್ಪ ಅಮ್ಮ ಬೆಳೆಸಿದ ರೀತಿಯಿಂದ ಬಂತು ಎನ್ನುವುದು ತಪ್ಪು.

ಆಟದ್ದೂ ಒಂದು ಪಾಲಿದೆ. ಕುಸ್ತಿ, ಬಾಕ್ಸಿಂಗ್, ಜೂಡೋಗಳಲ್ಲಿ ತೂಕದ ವಿಭಾಗಗಳಿವೆ. ಕಬಡ್ಡಿಯಲ್ಲೂ ತೂಕದ ಮಿತಿ ಇರುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ 100 ಗ್ರಾಂ ತೂಕ ಹೆಚ್ಚಿದ್ದಕ್ಕೆ ಫೈನಲ್ ಕಳೆದುಕೊಂಡಾಗ, ಪಂದ್ಯದ ಹಿಂದಿನ ರಾತ್ರಿ ತೂಕ ಇಳಿಸುವ ಕಷ್ಟ ಮನೆಮನೆಗೂ ಗೊತ್ತಾಯಿತು. ಅದು ಡಾಕ್ಟರುಗಳ ತಂಡ ಜೊತೆಗಿದ್ದ ಒಲಿಂಪಿಕ್ ಪಟುವಿನ ಕತೆ. ಹಳ್ಳಿಯ ಹುಡುಗ ಇದನ್ನೇ ಒಬ್ಬನೇ ಮಾಡುತ್ತಾನೆ. ಅಮೆರಿಕದಲ್ಲಿ 1997ರ ಕೊನೆಯಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸಲು ಹೋಗಿ ಕೆಲವೇ ವಾರಗಳ ಅಂತರದಲ್ಲಿ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ನಿಯಮಗಳನ್ನೇ ಬದಲಾಯಿಸಿತು.

## ಶಾಲೆಗೆ ಏನು ಕಾಣುತ್ತದೆ?

ಮನೆಯಲ್ಲಿ "ಸ್ಕೂಲಲ್ಲಿ ತಿಂದೆ" ಅನ್ನುತ್ತಾನೆ. ಶಾಲೆಯಲ್ಲಿ "ಮನೇಲಿ ಜಾಸ್ತಿ ತಿಂದು ಬಂದೆ ಮಿಸ್" ಅನ್ನುತ್ತಾನೆ. ಇವೆರಡು ಮಾತೂ ಒಂದೇ ಕಡೆ ಸೇರಿದಾಗ ಮಾತ್ರ ವಿಷಯ ಬಯಲಾಗುತ್ತದೆ. ದಿನವೂ ಅದೇ ಹುಡುಗನನ್ನು ಗೆಳೆಯರ ನಡುವೆ, ಊಟದ ಹೊತ್ತಲ್ಲಿ, ಮೈದಾನದಲ್ಲಿ ನೋಡುವ ದೊಡ್ಡವರು ಶಾಲೆಯಲ್ಲೇ ಇರುವುದು.

ಊಟದ ಹೊತ್ತಿನಲ್ಲಿ ಸ್ವಲ್ಪ ನೋಡಿದರೆ ಸಾಕು. ಚಿತ್ರಾನ್ನದೊಳಗಿನ ಕಡಲೆಬೀಜಗಳನ್ನು ಒಂದೊಂದಾಗಿ ಹೆಕ್ಕಿ ಡಬ್ಬದ ಮುಚ್ಚಳದ ಅಂಚಿಗೆ ಸಾಲಾಗಿ ಇಡುತ್ತಾನೆ. ಪಲ್ಯದ ಎಣ್ಣೆಯನ್ನು ಪೇಪರಿಗೆ ಒತ್ತುತ್ತಾನೆ. ಅನ್ನವನ್ನು ತಟ್ಟೆ ತುಂಬ ಹರಡುತ್ತಾನೆ, ಬಾಯಿಗೆ ಹೋಗುವುದು ಎರಡು ತುತ್ತು. ಉಳಿದದ್ದು ಗೆಳೆಯನ ಡಬ್ಬಕ್ಕೆ. ಅಥವಾ ಊಟದ ಬೆಲ್ ಹೊಡೆದ ಕೂಡಲೇ ಲೈಬ್ರರಿಗೆ ಹೋಗಿಬಿಡುತ್ತಾನೆ. ಬಿಸಿಯೂಟ ಬಡಿಸುವ ಅಕ್ಕಂದಿರಿಗೆ ಇದು ಎಲ್ಲರಿಗಿಂತ ಮೊದಲು ಗೊತ್ತಾಗಿರುತ್ತದೆ. ಅವರನ್ನು ಕೇಳುವ ರೂಢಿ ಮಾತ್ರ ನಮ್ಮಲ್ಲಿಲ್ಲ.

ಉಳಿದ ಗುರುತುಗಳು: ಬಿಸಿಲಲ್ಲೂ ಸ್ವೆಟರ್, ಪ್ರಾರ್ಥನೆಯಲ್ಲಿ ತಲೆಸುತ್ತು, ಊಟದ ನಂತರ ಪ್ರತಿದಿನ ಟಾಯ್ಲೆಟ್ಟಿಗೆ ಹೋಗಿ ಬಹಳ ಹೊತ್ತು ಬಾರದಿರುವುದು, ಚೆನ್ನಾಗಿ ಆಡುತ್ತಿದ್ದವನು ಬೇಗ ಸುಸ್ತಾಗುವುದು, ಗೆಳೆಯರ ಹುಟ್ಟುಹಬ್ಬಕ್ಕೆ ಹೋಗದಿರುವುದು. ಮಾರ್ಕ್ಸ್ ಬಿದ್ದೇ ಬೀಳುತ್ತದೆ ಎಂದು ಕಾಯಬೇಡಿ. ಎಷ್ಟೋ ಹುಡುಗರು ಕೊನೆಯವರೆಗೂ ಮೊದಲ ಬೆಂಚಿನಲ್ಲೇ ಇರುತ್ತಾರೆ.

ಸಣ್ಣಗಿರುವ ಮಕ್ಕಳಿಗೆಲ್ಲ ಈ ಹಣೆಪಟ್ಟಿ ಹಚ್ಚಬಾರದು. ಮನೆಯಲ್ಲಿ ಊಟಕ್ಕೇ ಕಷ್ಟವಿರಬಹುದು. ಕ್ಷಯ, ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದರೂ ತೂಕ ಇಳಿಯುತ್ತದೆ. ಅದನ್ನು ತೀರ್ಮಾನಿಸುವುದು ಡಾಕ್ಟರ ಕೆಲಸ. ಇನ್ನೊಂದು ಕಡೆ, ದಪ್ಪಗೇ ಕಾಣುವ ಹುಡುಗನಿಗೂ ಈ ಕಾಯಿಲೆ ಇರಬಹುದು. ಬಹಳ ಬೇಗ ತೂಕ ಇಳಿಸಿದ್ದರೆ, ನೋಡಲು ಮೈತುಂಬಿಕೊಂಡೇ ಇದ್ದರೂ ಒಳಗಿನ ಅಪಾಯ ಅಷ್ಟೇ ಇರುತ್ತದೆ.

## ಅವನ ಜೊತೆ ಮಾತಾಡುವುದು ಹೇಗೆ?

ಅವನಿಗೆ ಹತ್ತಿರವಿರುವ ಒಬ್ಬ ಮೇಷ್ಟ್ರೋ ಮಿಸ್ಸೋ ಸಾಕು. ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಬೇಡ, ಊಟದ ಹೊತ್ತಿನಲ್ಲೂ ಬೇಡ. ಮೈಯ ಬಗ್ಗೆ ಶುರು ಮಾಡದೆ, ಕಂಡದ್ದನ್ನು ಹೇಳಿ: "ಎರಡು ವಾರದಿಂದ ನೀನು ಮಧ್ಯಾಹ್ನ ಊಟಕ್ಕೆ ಕೂರ್ತಿಲ್ಲ. ಮೊನ್ನೆ ಪ್ರೇಯರ್‌ನಲ್ಲಿ ತಲೆ ಸುತ್ತಿತು. ನಂಗೆ ಯೋಚನೆ ಆಗಿದೆ ಕಣೋ. ಹೇಗಿದ್ದೀಯ?"

ಅವನು "ಏನಿಲ್ಲ ಸಾರ್" ಅನ್ನುತ್ತಾನೆ. ಬಹುತೇಕ ಎಲ್ಲರೂ ಮೊದಲ ಸಲ ಹಾಗೇ ಅನ್ನುವುದು. ವಾದಕ್ಕೆ ಇಳಿಯಬೇಡಿ. "ಸರಿ, ಮುಂದಿನ ವಾರ ಮತ್ತೆ ಕೇಳ್ತೀನಿ" ಎಂದು ಹೇಳಿ, ಹೇಳಿದಂತೆ ಕೇಳಿ. "ಈಗ ಚೆನ್ನಾಗಿ ಕಾಣ್ತೀಯ", "ತುಂಬ ಸಣ್ಣ ಆಗಿದ್ದೀಯ", "ಗಂಡುಹುಡುಗ ಆಗಿ ಇದೇನಿದು" ಮೂರೂ ಬೇಡ. ಮೊದಲನೆಯದು ಬಹುಮಾನದ ಹಾಗೆ ಕೇಳಿಸುತ್ತದೆ. ಎರಡನೆಯದೂ ಕಾಯಿಲೆಯ ಕಿವಿಗೆ ಹೊಗಳಿಕೆಯೇ. ಮೂರನೆಯದು ಕೇಳಿದವನು ಮತ್ತೆ ಬಾಯಿ ಬಿಡುವುದಿಲ್ಲ. ಯಾರಿಗೂ ಹೇಳಲ್ಲ ಎಂದು ಮಾತು ಕೊಡಬೇಡಿ, ಯಾಕೆಂದರೆ ಮನೆಯವರಿಗೆ ಹೇಳಲೇಬೇಕಾಗುತ್ತದೆ.

## ಮನೆಗೆ ಹೇಳುವುದು, ಡಾಕ್ಟರ ಹತ್ತಿರ ಕಳಿಸುವುದು

ಅಪ್ಪ ಅಮ್ಮನನ್ನು ಕರೆಸಿದಾಗ ತಪ್ಪು ಹುಡುಕುವ ದನಿ ಬೇಡ. ಶಾಲೆಗೆ ಕಂಡದ್ದನ್ನು ತಾರೀಖಿನ ಸಮೇತ ಹೇಳಿ, ಮನೆಯಲ್ಲಿ ಕಂಡದ್ದನ್ನು ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ಎತ್ತರ ತೂಕ ಬರೆದುಕೊಂಡಿದ್ದರೆ ಆ ದಾಖಲೆ ಇಲ್ಲಿ ಬಲು ಉಪಯೋಗ. ಹದಿಮೂರು ಹದಿನಾಲ್ಕರಲ್ಲಿ ತೂಕ ಏರಬೇಕು. ವರ್ಷವಿಡೀ ಏರದೆ ನಿಂತಿದ್ದರೂ ಅದು ಇಳಿದ ಲೆಕ್ಕವೇ.

ಮೊದಲು ಮಕ್ಕಳ ಡಾಕ್ಟರು ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆ. ಹದಿಹರೆಯದವರಿಗಾಗಿ ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯರ ವಿಭಾಗವೇ ಇದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಇದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೇಷ್ಟ್ರುಗಳೂ ಕರೆ ಮಾಡಿ ಕೇಳಬಹುದು.

ಕೆಲವು ಸಂದರ್ಭಗಳಲ್ಲಿ ಕಾಯಬಾರದು. ಪ್ರಜ್ಞೆ ತಪ್ಪಿದರೆ, ಎದೆನೋವು ಬಂದರೆ, ಹಗಲಲ್ಲಿ ಸುಮ್ಮನೆ ಕೂತಾಗಲೂ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ, ಊಟ ನೀರು ಪೂರ್ತಿ ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಬಹಳ ದಿನ ಊಟ ಬಿಟ್ಟವನಿಗೆ ಒಮ್ಮೆಲೇ ಹೊಟ್ಟೆತುಂಬ ತಿನ್ನಿಸುವುದೂ ಅಪಾಯ. ರಕ್ತದಲ್ಲಿನ ಫಾಸ್ಫೇಟ್‌ನಂಥ ಲವಣಗಳು ಕುಸಿದು ಹೃದಯಕ್ಕೆ ತೊಂದರೆಯಾಗಬಹುದು. ಎಷ್ಟು, ಹೇಗೆ ಎಂಬುದನ್ನು ಡಾಕ್ಟರು ಹೇಳಬೇಕು.

ಹದಿಹರೆಯದವರ ಅನೊರೆಕ್ಸಿಯಾಕ್ಕೆ ಒಳ್ಳೆಯ ಫಲ ಕೊಟ್ಟಿರುವ ಒಂದು ಚಿಕಿತ್ಸೆ 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರೂಪುಗೊಂಡಿತು. ಅದರಲ್ಲಿ ಮೊದಲ ಕೆಲವು ತಿಂಗಳು ಊಟದ ಜವಾಬ್ದಾರಿ ಹುಡುಗನದ್ದಲ್ಲ, ಅಪ್ಪ ಅಮ್ಮನದ್ದು. ಏನು, ಎಷ್ಟು ಎಂದು ಅವರೇ ಬಡಿಸುತ್ತಾರೆ, ಮುಗಿಯುವವರೆಗೆ ಪಕ್ಕದಲ್ಲಿ ಕೂರುತ್ತಾರೆ. ಮೈ ಸುಧಾರಿಸಿದ ಹಾಗೆ ಸ್ವಲ್ಪ ಸ್ವಲ್ಪವಾಗಿ ಅವನ ಕೈಗೆ ಬಿಡುತ್ತಾರೆ. ಶಾಲೆಯ ಪಾಲು ಬರುವುದೂ ಇಲ್ಲೇ, ಯಾಕೆಂದರೆ ಮಧ್ಯಾಹ್ನದ ಊಟ ಶಾಲೆಯಲ್ಲಿ.

## ಶಾಲೆಯ ರೂಢಿಗಳಲ್ಲಿ ಬದಲಾಗಬೇಕಾದ್ದು

ತೂಕ ನೋಡಿ ಎಲ್ಲರಿಗೂ ಕೇಳಿಸುವಂತೆ ಕೂಗಿ ಬರೆಸುವುದು ನಿಲ್ಲಬೇಕು. ಫಿಟ್‌ನೆಸ್ ಪರೀಕ್ಷೆಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಬೇಕಿದ್ದರೆ ಪರದೆ ಹಿಂದೆ, ಒಬ್ಬೊಬ್ಬರದ್ದೇ, ಮೌನವಾಗಿ ಬರೆದುಕೊಳ್ಳಬಹುದು. ಕ್ಯಾಲೊರಿ ಲೆಕ್ಕದ ಡೈರಿ ಬರೆದು ತರುವ ಹೋಂವರ್ಕ್ ಬೇಡ. ಪಿಟಿ ಮೇಷ್ಟ್ರು "ಹೊಟ್ಟೆ ನೋಡು" ಅನ್ನುವ ಬದಲು ಓಟದ ಬಗ್ಗೆ ಮಾತಾಡಿದರೆ ಸಾಕು. ಅಡ್ಡಹೆಸರುಗಳನ್ನು ಕ್ಲಾಸ್ ಟೀಚರು ಮೊದಲ ವಾರವೇ ತಡೆಯಬೇಕು. ತಾವೇ ಹಾಗೆ ಕರೆಯುತ್ತಿದ್ದರೆ ಮೊದಲು ತಾವು ಬಿಡಬೇಕು. ತೂಕದ ವಿಭಾಗದ ಆಟಗಳಲ್ಲಿ ಬೆಳೆಯುವ ಹುಡುಗನನ್ನು ಮೇಲಿನ ವಿಭಾಗಕ್ಕೆ ಹಾಕಿ. ಒಂದು ಪದಕ ತಪ್ಪಬಹುದು, ಅಷ್ಟೇ.

ಈ ಕಾಯಿಲೆಯ ಪಾಠ ಮಾಡುವಾಗಲೂ ಎಚ್ಚರ ಬೇಕು. ತೂಕ ಇಳಿಸುವ ವಿಧಾನಗಳನ್ನು ವಿವರಿಸಿದರೆ ಕೆಲವು ಮಕ್ಕಳಿಗೆ ಅದೇ ದಾರಿ ತೋರಿಸಿದಂತಾಗುತ್ತದೆ. ರೀಲ್ಸಿನಲ್ಲಿ ಕಾಣುವ ಮೈಗಳ ಹಿಂದೆ ಲೈಟು, ಫಿಲ್ಟರು, ಎಷ್ಟೋ ಸಲ ಸ್ಟೆರಾಯ್ಡ್ ಇರುತ್ತದೆ ಎಂಬುದನ್ನು ಮಾತಾಡಿದರೆ ಹುಡುಗರು ಆಸಕ್ತಿಯಿಂದ ಕೇಳುತ್ತಾರೆ.

## ಚಿಕಿತ್ಸೆ ನಡುವೆ ಶಾಲೆಗೆ ಬಂದಾಗ

ಹುಡುಗ ಪೂರ್ತಿ ಗುಣವಾಗುವ ಮೊದಲೇ ಕ್ಲಾಸಿಗೆ ಬರಬಹುದು. ಬರುವ ಹಿಂದಿನ ದಿನ ಮನೆಯವರು, ಕ್ಲಾಸ್ ಟೀಚರು, ಸಾಧ್ಯವಾದರೆ ಡಾಕ್ಟರು ಕೂತು ಕೆಲವು ವಿಷಯ ಬರೆದಿಟ್ಟುಕೊಳ್ಳಬೇಕು. ಮಧ್ಯಾಹ್ನ ಊಟದ ಹೊತ್ತು ಅವನ ಜೊತೆ ಯಾರು ಕೂರುತ್ತಾರೆ. ಹತ್ತೂವರೆಗೆ ಬಾಳೆಹಣ್ಣೋ ಶೇಂಗಾ ಚಿಕ್ಕಿಯೋ ತಿನ್ನಲು ಕ್ಲಾಸಿನಿಂದ ಹೊರಗೆ ಬಿಡುವುದು ಹೇಗೆ. ಊಟ ಬಿಟ್ಟ ದಿನ ಅಮ್ಮನಿಗೆ ಯಾರು ಫೋನ್ ಮಾಡುತ್ತಾರೆ. ಪರೀಕ್ಷೆ ತಪ್ಪಿದ್ದರೆ ಮತ್ತೆ ಯಾವಾಗ.

ಪಿಟಿ ಪೀರಿಯಡ್ಡು ಡಾಕ್ಟರು ಒಪ್ಪುವವರೆಗೆ ಬೇಡ. ಆದರೆ ಅವನನ್ನು ಕ್ಲಾಸಿನಲ್ಲಿ ಒಬ್ಬನೇ ಕೂರಿಸಬಾರದು. ಸ್ಕೋರ್ ಬರೆಯಲಿ, ಅಂಪೈರ್ ಆಗಲಿ, ತಂಡದ ಜೊತೆ ಇರಲಿ. ಗೆಳೆಯರು ಕೇಳಿದರೆ ಏನು ಹೇಳಬೇಕೆಂದು ಅವನೇ ತೀರ್ಮಾನಿಸಲಿ. "ಹುಷಾರಿರಲಿಲ್ಲ, ಈಗ ಪರವಾಗಿಲ್ಲ" ಎಂಬಷ್ಟೇ ಅವನ ಆಯ್ಕೆಯಾದರೆ ಸ್ಟಾಫ್ ರೂಮಿನವರೂ ಅಷ್ಟನ್ನೇ ಹೇಳಬೇಕು.